ಮನೆಯ ಬೆಳಕಿನ ಬೆಲೆ

1902ನೆಯ ಇಸವಿಯ ಜೂನ್ 30ರಂದು, ಮಹಾರಾಣಿ ವಾಣೀವಿಲಾಸ ಸನ್ನಿಧಾನದವರು ಮೈಸೂರು ಸಂಸ್ಥಾನದ ರಾಜಪ್ರತಿನಿಧಿಗಳಾಗಿದ್ದ ಕೊನೆಯ ದಿನಗಳಲ್ಲಿ, ಕಾವೇರಿಯ ನೀರು ಶಿವನಸಮುದ್ರದ ಕಣಿವೆಯಲ್ಲಿ ಯಂತ್ರಚಕ್ರಗಳನ್ನು ತಿರುಗಿಸಿತು. ಅಲ್ಲಿ ಹುಟ್ಟಿದ ಶಕ್ತಿಯು ಸುಮಾರು 147 ಕಿಲೋಮೀಟರ್ ದೂರವನ್ನು ತಂತಿಯ ಮೇಲೆ ಕ್ರಮಿಸಿ ಕೋಲಾರದ ಚಿನ್ನದ ಗಣಿಗಳನ್ನು ಮುಟ್ಟಿತು. ಅಷ್ಟು ದೂರಕ್ಕೆ ವಿದ್ಯುಚ್ಛಕ್ತಿಯನ್ನು ಸಾಗಿಸಿದ್ದು ಅಂದಿನ ಪ್ರಪಂಚದಲ್ಲಿಯೇ ಅಪೂರ್ವವಾದ ಸಾಹಸ. ಆ ಯೋಜನೆಗೆ ಬೆನ್ನೆಲುಬಾಗಿ ನಿಂತಿದ್ದ ದಿವಾನ್ ಶೇಷಾದ್ರಿ ಅಯ್ಯರ್ ಅವರು ಅದರ ಫಲವನ್ನು ಕಾಣದೆ ಹಿಂದಿನ ವರ್ಷವೇ ತೀರಿಕೊಂಡಿದ್ದರು. ಯಂತ್ರಶಿಲ್ಪಿಯಾದ ಜೋಲಿ ಡಿ ಲೊಟ್ಬಿನಿಯರ್ ಅವರು ಅಮೆರಿಕ ಮತ್ತು ಯೂರೋಪಿನ ಕಾರ್ಖಾನೆಗಳಿಂದ ಯಂತ್ರಗಳನ್ನು ತರಿಸಿ, ದುರ್ಗಮವಾದ ಕಣಿವೆಗೆ ಅವುಗಳನ್ನು ಇಳಿಸಿದ ಕಥೆಯನ್ನು ನಮ್ಮ ಚರಿತ್ರಕಾರರು ಹೆಮ್ಮೆಯಿಂದ ಹೇಳಿದ್ದಾರೆ. ಆದರೆ ಆ ಹೆಮ್ಮೆಯ ಕಥೆಯ ಮರೆಯಲ್ಲಿ ಇನ್ನೊಂದು ಕಥೆ ಉಳಿದುಹೋಗಿದೆ: ಆ ಶಕ್ತಿಯ ಬೆಲೆಯನ್ನು ಯಾರು ಕೊಟ್ಟರು, ಯಾರು ಕೊಡಲಿಲ್ಲ, ಕೊಟ್ಟವರ ಮನೆಯಲ್ಲಿಯೂ ಕೊಡದವರ ಮನೆಯಲ್ಲಿಯೂ ದೀಪ ಎಷ್ಟು ಹೊತ್ತು ಉರಿಯಿತು ಎಂಬುದು.

ಗಣಿಯ ಕಂಪನಿಗಳಿಗೆ ಸರ್ಕಾರ ಶಕ್ತಿಯನ್ನು ಮಾರಿದ್ದು ಯೂನಿಟ್ಟಿನ ಲೆಕ್ಕದಲ್ಲಿ ಅಲ್ಲ. ಅಶ್ವಶಕ್ತಿಗೆ ವರ್ಷಕ್ಕಿಷ್ಟು ಎಂಬ ಕರಾರಿನ ಮೇಲೆ. ಹಗಲಿರುಳೂ ಒಂದೇ ಸಮನೆ ನಡೆಯುವ ಗಣಿಯ ಯಂತ್ರಗಳಿಗೆ ಅದು ನ್ಯಾಯವಾದ ಲೆಕ್ಕವೇ ಆಗಿತ್ತು. ಇದನ್ನು ಇಲ್ಲಿಯೇ ಹೇಳಿಡಲು ಕಾರಣವುಂಟು. ಸುಮಾರು ಎಂಬತ್ತು ವರ್ಷಗಳ ತರುವಾಯ ಇದೇ ಬಗೆಯ ದರ ಬೇರೊಂದು ವೇಷದಲ್ಲಿ, ಬೇರೊಂದು ಜನವರ್ಗದ ಬಾಗಿಲಿಗೆ ಬಂದು, ನಮ್ಮ ನಾಡಿನ ವಿದ್ಯುತ್ತಿನ ಲೆಕ್ಕಪುಸ್ತಕವನ್ನೇ ಅಸ್ತವ್ಯಸ್ತಗೊಳಿಸಿತು.

ಗಣಿಯ ತರುವಾಯ ನಗರ. 1905ರ ಆಗಸ್ಟ್ 5ರಂದು ಬೆಂಗಳೂರಿನ ಪೇಟೆಯ ಬೀದಿಗಳಲ್ಲಿ ವಿದ್ಯುದ್ದೀಪ ಬೆಳಗಿತು. ಮೂರು ವರ್ಷಗಳಲ್ಲಿ ಮೈಸೂರಿಗೂ ಬಂದಿತು. ಗಣಿಗೆ ಕೊಟ್ಟ ಮಾತು ಬೇಸಗೆಯಲ್ಲಿ ತಪ್ಪಬಾರದೆಂಬ ಚಿಂತೆಯು ಕನ್ನಂಬಾಡಿಯ ಕಟ್ಟೆಗೆ ಕಾರಣವಾದ ಹಲವು ಚಿಂತೆಗಳಲ್ಲೊಂದು. ಶಿಂಷಾ ಬಂದಿತು, ಜೋಗ ಬಂದಿತು. 1956ರಲ್ಲಿ ಕನ್ನಡ ನಾಡುಗಳು ಒಂದಾದಾಗ, ವಿದ್ಯುತ್ತಿನ ವಿಷಯದಲ್ಲಿ ಮುಂಬಯಿ ಮತ್ತು ಹೈದರಾಬಾದು ಪ್ರಾಂತಗಳಿಂದ ಬಂದ ಜಿಲ್ಲೆಗಳಿಗೂ ಹಳೆಯ ಮೈಸೂರಿಗೂ ಇದ್ದ ಅಂತರ ಎಷ್ಟು ದೊಡ್ಡದೆಂಬುದು ತಿಳಿಯಿತು. ಮರುವರ್ಷದ ಅಕ್ಟೋಬರಿನಲ್ಲಿ ಮೈಸೂರು ರಾಜ್ಯ ವಿದ್ಯುಚ್ಛಕ್ತಿ ಮಂಡಳಿ ಸ್ಥಾಪಿತವಾಯಿತು. ಜನ ಇಂದಿಗೂ ‘ಕೆಇಬಿಯವರು’ ಎನ್ನುವುದು ಆ ಮಂಡಳಿಯ ಮುಂದಿನ ಹೆಸರಿನ ನೆನಪಿನಿಂದಲೇ.

ಈ ಮಂಡಳಿಯ ಮೊದಲ ದಶಕಗಳ ಒಂದು ಏರ್ಪಾಟನ್ನು ಇಲ್ಲಿ ವಿವರವಾಗಿ ನೋಡಬೇಕು. ಸಹಾಯಧನವೆಂದರೆ ಬಡವರಿಗೂ ರೈತರಿಗೂ ಮಾತ್ರ ಸಲ್ಲುವುದೆಂಬ ಒಂದು ಭ್ರಮೆ ನಮ್ಮ ವಿದ್ಯಾವಂತರಲ್ಲಿ ಬೇರೂರಿದೆ. ಬೆಂಗಳೂರು, ಮೈಸೂರುಗಳ ಹಳೆಯ ಬಡಾವಣೆಗಳಲ್ಲಿ ಮನೆಯ ಮುಂಗಟ್ಟಿನ ಮೀಟರುಹಲಗೆಯ ಮೇಲೆ ಒಂದಲ್ಲ, ಎರಡು ಮೀಟರುಗಳಿರುತ್ತಿದ್ದುವು: ಒಂದು ದೀಪಕ್ಕೆ, ಇನ್ನೊಂದು ಸ್ನಾನದ ಮನೆಯ ಬಾಯ್ಲರಿಗೂ ಅಡುಗೆಮನೆಯ ಒಲೆಗೂ. ಎರಡನೆಯದರ ದರ ಮೊದಲನೆಯದಕ್ಕಿಂತ ಕಡಿಮೆ. ಎಲ್ಲ ಕೆಲಸಕ್ಕೂ ವಿದ್ಯುತ್ತನ್ನೇ ಬಳಸುವ ಮನೆಗೆ ‘ಎಇಎಚ್’ ಎಂಬ ಪ್ರತ್ಯೇಕ ವರ್ಗವಿತ್ತು. ಆ ಮೂರು ಅಕ್ಷರಗಳು ಇಂದಿಗೂ ಅನೇಕ ಮನೆಗಳ ಆರ್.ಆರ್. ನಂಬರಿನ ನಡುವೆ ಉಳಿದಿವೆ. ಜಲಶಕ್ತಿ ಹೇರಳವಾಗಿದ್ದ ಕಾಲದ ಉದಾರಬುದ್ಧಿಯ ಫಲವದು. ನಾಡಿನ ಬಹುಪಾಲು ಹಳ್ಳಿಗಳು ಬುಡ್ಡಿದೀಪದಲ್ಲಿದ್ದಾಗ ನಗರದ ಗೃಹಸ್ಥನು ಬಿಸಿನೀರಿನ ಸ್ನಾನಕ್ಕೆ ಸರ್ಕಾರದಿಂದ ರಿಯಾಯಿತಿ ಪಡೆಯುತ್ತಿದ್ದನು. ಅದನ್ನು ಆಗ ಯಾರೂ ಸಹಾಯಧನವೆಂದು ಕರೆಯಲಿಲ್ಲ. ಆತನನ್ನು ನಾನು ಹಳಿಯುತ್ತಿಲ್ಲ. ಆ ಮನೆಗಳ ಹೆಂಗಸರು ಸೌದೆಯ ಹೊಗೆಯಿಂದ ಪಾರಾದದ್ದು ನಿಜವಾದ ಶ್ರೇಯಸ್ಸು. ರಿಯಾಯಿತಿಯ ವಿಚಾರವನ್ನು ಮಾತನಾಡುವಾಗ ಅದರ ಮೊದಲ ಪಂಕ್ತಿಯಲ್ಲಿ ಕುಳಿತು ಉಂಡವರು ಯಾರೆಂಬುದನ್ನು ಮರೆಯಬಾರದೆಂದಷ್ಟೇ ನನ್ನ ಮಾತು.

ಬಡವನ ಮನೆಯ ಸರದಿ ಬಂದದ್ದು 1979ರಲ್ಲಿ, ದೇವರಾಜ ಅರಸರ ಆಡಳಿತದ ಕೊನೆಯ ದಿನಗಳಲ್ಲಿ. ‘ಭಾಗ್ಯಜ್ಯೋತಿ’ ಎಂಬ ಹೆಸರಿನ ಆ ಯೋಜನೆಯಲ್ಲಿ ಗುಡಿಸಲಿಗೆ ಒಂದೇ ಒಂದು ದೀಪ, ನಲವತ್ತು ವ್ಯಾಟಿನ ಒಂದು ಬಲ್ಬು. ಕಂಬದಿಂದ ಎಳೆದ ತಂತಿ ಸೂರಿನಡಿಯಿಂದ ಒಳಗೆ ನುಸುಳಿ, ಒಂದು ಸಣ್ಣ ಹಲಗೆ, ಅದರ ಮೇಲೊಂದು ಸ್ವಿಚ್ಚು, ಅಲ್ಲಿಂದ ನಡುದೂಲಕ್ಕೆ ಹಾಯ್ದು ಒಂದು ಹೋಲ್ಡರಿನಲ್ಲಿ ಮುಗಿಯುತ್ತಿತ್ತು. ಎರಡು ಅಂಕಣದ ಮನೆಯಲ್ಲಿ ಆ ಒಂದು ಬಲ್ಬನ್ನು ಎಲ್ಲಿ ತೂಗಹಾಕಬೇಕೆಂಬುದೇ ಒಂದು ಸಂಸಾರದ ಸಮಸ್ಯೆ. ಒಲೆಯ ಕಡೆಗೆ ಹಾಕಿದರೆ ಮಕ್ಕಳ ಪುಸ್ತಕಕ್ಕೆ ಬೆಳಕಿಲ್ಲ. ಪಡಸಾಲೆಗೆ ಹಾಕಿದರೆ ರೊಟ್ಟಿ ತಟ್ಟುವವಳಿಗೆ ಒಲೆಯ ಉರಿಯೇ ಗತಿ. ಆದಕಾರಣ ಅನೇಕ ಮನೆಗಳಲ್ಲಿ ನಡುಗೋಡೆಯನ್ನು ಮಾಡಿನವರೆಗೆ ಏರಿಸದೆ, ಅದರ ತಲೆಯ ಮೇಲೆ ಬಲ್ಬು ಕಟ್ಟಿ, ಎರಡು ಕಡೆಗೂ ಬೆಳಕು ಹಂಚಿಕೊಂಡರು.

ಲೆಕ್ಕದ ದೃಷ್ಟಿಯಿಂದ ಇದರಷ್ಟು ಅಲ್ಪವೆಚ್ಚದ ಧರ್ಮ ಇನ್ನೊಂದಿಲ್ಲ. ನಲವತ್ತು ವ್ಯಾಟಿನ ದೀಪ ದಿನಕ್ಕೆ ಐದು ಗಂಟೆ ಉರಿದರೆ ತಿಂಗಳಿಗೆ 6 ಯೂನಿಟ್ಟು. ಇಂತಹ ಮನೆಗಳಿಗೆ ಮಂಡಳಿಯು ಮುಂದೆ ಗೊತ್ತುಮಾಡಿದ ಮಿತಿ ತಿಂಗಳಿಗೆ 18 ಯೂನಿಟ್ಟು. ಅದು ಬಹುಕಾಲ ನಿಂತು, ಬಳಿಕ 40ಕ್ಕೇರಿತು. ಅಷ್ಟರಿಂದ ಆ ಮನೆಗೆ ದೊರೆತದ್ದೇನೆಂದರೆ, ನ್ಯಾಯಬೆಲೆ ಅಂಗಡಿಯ ಸೀಮೆಎಣ್ಣೆ ಮುಗಿದ ಮೇಲೆ ಕಾಳಸಂತೆಯಲ್ಲಿ ಕೊಳ್ಳುವ ಸಂಕಟ ತಪ್ಪಿತು. ಚಿಮಣಿಯ ಮಸಿ ಮಕ್ಕಳ ಮೂಗನ್ನೂ ಮನೆಯ ಜಂತಿಯನ್ನೂ ಕಪ್ಪಾಗಿಸುವುದು ತಪ್ಪಿತು. ಹುಲ್ಲಿನ ಮಾಡಿಗೆ ಬೆಂಕಿ ತಗಲುವ ಭಯ ಕಡಿಮೆಯಾಯಿತು. ಮತ್ತು ಸಂಜೆ ಎಂಬುದು ಕೆಲಸಕ್ಕೆ, ಓದಿಗೆ, ಮಾತುಕತೆಗೆ ದಕ್ಕುವ ಕಾಲವಾಯಿತು. ಈ ಲಾಭಗಳಲ್ಲಿ ಯಾವುದೂ ಮಂಡಳಿಯ ಆಯವ್ಯಯ ಪಟ್ಟಿಯಲ್ಲಿ ಬರುವಂತಹುದಲ್ಲ. ಕೇಂದ್ರ ಸರ್ಕಾರವು 1988–89ರಲ್ಲಿ ‘ಕುಟೀರ ಜ್ಯೋತಿ’ ಎಂಬ ಹೆಸರಿನಲ್ಲಿ ಇದೇ ಮಾದರಿಯನ್ನು ದೇಶಕ್ಕೆಲ್ಲ ವಿಸ್ತರಿಸಿತೆಂಬುದು ಅದರ ಯೋಗ್ಯತೆಗೆ ಸಾಕ್ಷಿ.

ಆದರೆ ಅದೇ ಹೊತ್ತಿನಲ್ಲಿ ಹೊಲದ ಕಡೆಯಿಂದ ಇನ್ನೊಂದು ಮಹಾಪ್ರವಾಹ ಬಂದಿತು. 1980ರ ಜುಲೈ 21ರಂದು ನರಗುಂದ, ನವಲಗುಂದಗಳಲ್ಲಿ ಮಲಪ್ರಭಾ ಕಾಲುವೆಯ ಸುಧಾರಣಾ ಕರವನ್ನು ವಿರೋಧಿಸಿದ ರೈತರ ಮೇಲೆ ಗೋಲೀಬಾರು ನಡೆದು ಪ್ರಾಣಹಾನಿಯಾಯಿತು. ಆ ಕಿಚ್ಚಿನಿಂದ ಮೂಡಿದ ರೈತ ಚಳವಳಿ, ಪ್ರೊಫೆಸರ್ ಎಂ.ಡಿ. ನಂಜುಂಡಸ್ವಾಮಿಯವರಂತಹ ನಾಯಕರ ಮಾತಿನ ಬಲದಿಂದ ಕರ್ನಾಟಕ ರಾಜ್ಯ ರೈತ ಸಂಘವಾಗಿ ಬೆಳೆದು, ಬೆಳೆಗೆ ನ್ಯಾಯವಾದ ಬೆಲೆ ಕೊಡದ ಸರ್ಕಾರಕ್ಕೆ ನೀರಿನ ಬೆಲೆ, ವಿದ್ಯುತ್ತಿನ ಬೆಲೆ ಕೇಳುವ ಅಧಿಕಾರವೆಲ್ಲಿಯದೆಂಬ ಪ್ರಶ್ನೆಯನ್ನೆತ್ತಿತು. ಆ ಪ್ರಶ್ನೆಯಲ್ಲಿ ಸತ್ಯವಿತ್ತು. ಸರ್ಕಾರ ಅದಕ್ಕೆ ಬೆಲೆಯ ಕಡೆಯಿಂದ ಉತ್ತರ ಕೊಡದೆ, ಮೀಟರಿನ ಕಡೆಯಿಂದ ಕೊಟ್ಟಿತು. ಪಂಪುಸೆಟ್ಟಿಗೆ ಯೂನಿಟ್ಟಿನ ಲೆಕ್ಕ ಬಿಟ್ಟು, ಮೋಟಾರಿನ ಎಚ್.ಪಿ.ಗೆ ಇಷ್ಟೆಂಬ ಸಗಟು ದರ ಬಂದಿತು. 1990ರ ದಶಕದ ಆದಿಯಲ್ಲಿ ಎಸ್. ಬಂಗಾರಪ್ಪನವರ ಸರ್ಕಾರ ಹತ್ತು ಎಚ್.ಪಿ.ವರೆಗಿನ ಪಂಪುಗಳಿಗೆ ವಿದ್ಯುತ್ತನ್ನು ಉಚಿತವಾಗಿಯೇ ಕೊಟ್ಟಿತು. ನಡುವೆ ಮತ್ತೆ ದರ ಬಂದಿತು. 2008ರ ಆಗಸ್ಟಿನಿಂದ ಬಿ.ಎಸ್. ಯಡಿಯೂರಪ್ಪನವರ ಸರ್ಕಾರದಲ್ಲಿ ಪುನಃ ಉಚಿತವಾಗಿ, ಇಂದಿಗೂ ಹಾಗೆಯೇ ನಡೆದಿದೆ. ಅಂತಹ ಪಂಪುಗಳ ಸಂಖ್ಯೆ ಈಗ ಮೂವತ್ತು ಲಕ್ಷವನ್ನು ಮೀರಿದೆ. ರಾಜ್ಯದಲ್ಲಿ ಖರ್ಚಾಗುವ ವಿದ್ಯುತ್ತಿನಲ್ಲಿ ಸರಿಸುಮಾರು ಮೂರನೆಯ ಒಂದು ಪಾಲು ಅವುಗಳದು.

ಅಳತೆಯಿಲ್ಲದ ವಿದ್ಯುತ್ತಿನಿಂದ ರೈತನ ಮನೆಗೆ ಅನುಕೂಲವಾಗಲಿಲ್ಲವೆಂದು ಹೇಳುವುದು ಅಸತ್ಯ. ಬಯಲುಸೀಮೆಯಲ್ಲಿ ಬಾವಿಯನ್ನೇ ನಂಬಿದ ಲಕ್ಷಾಂತರ ಸಂಸಾರಗಳು ಎರಡನೆಯ ಬೆಳೆ ಕಂಡದ್ದು, ಹಿಪ್ಪುನೇರಳೆ ತರಕಾರಿಗಳನ್ನು ಬೆಳೆದು ಮಕ್ಕಳನ್ನು ಓದಿಸಿದ್ದು ಆ ಪಂಪಿನಿಂದಲೇ. ಆದರೆ ಪ್ರಯೋಜನವು ಎಚ್.ಪಿ.ಗೆ ತಕ್ಕಷ್ಟು. ಆಳವಾದ ಕೊಳವೆಬಾವಿಯೂ ದೊಡ್ಡ ಮೋಟಾರೂ ಇದ್ದವನಿಗೆ ಹೆಚ್ಚು. ತೆರೆದ ಬಾವಿಯ ಸಣ್ಣ ರೈತನಿಗೆ ಕಡಿಮೆ. ಕೂಲಿಯ ಸಂಸಾರಕ್ಕೆ ಏನೂ ಇಲ್ಲ. ಕೋಲಾರ, ತುಮಕೂರು, ಚಿತ್ರದುರ್ಗಗಳ ಕಡೆ ನೀರು ಆಳಕ್ಕೆ ಇಳಿದ ಹಾಗೆಲ್ಲ ತೆರೆದ ಬಾವಿಗಳು ಬತ್ತಿ, ಹಣವಿದ್ದವನು ಇನ್ನಷ್ಟು ಕೊರೆಸಿ, ಇಲ್ಲದವನು ಸಾಲದಲ್ಲಿ ಮುಳುಗಿದನು.

ಇದಕ್ಕಿಂತಲೂ ಹೆಚ್ಚಾಗಿ ಮನೆಗೆ ತಟ್ಟಿದ ಪೆಟ್ಟು ಬೇರೆ ಇದೆ. ನಗರವಾಸಿಗಳ ಕಣ್ಣಿಗೆ ಅದು ಬೀಳುವುದೇ ಇಲ್ಲ. ಹೊಲದ ಪಂಪಿಗೂ ಊರಿನ ಮನೆಗೂ ವಿದ್ಯುತ್ತು ಬರುತ್ತಿದ್ದುದು ಒಂದೇ ಫೀಡರಿನ ಮೇಲೆ. ಪಂಪಿನ ಖರ್ಚನ್ನು ಬೆಲೆಯಿಂದ ತಡೆಯಲಾರದ ಮಂಡಳಿ ಅದನ್ನು ಗಂಟೆಗಳ ಲೆಕ್ಕದಿಂದ ತಡೆಯಿತು. ದಿನಕ್ಕೆ ಆರೋ ಏಳೋ ಗಂಟೆ ತ್ರೀ ಫೇಸ್. ಉಳಿದ ಹೊತ್ತಿನಲ್ಲಿ ಸಿಂಗಲ್ ಫೇಸ್, ಇಲ್ಲವೇ ಕತ್ತಲು. ಸಿಂಗಲ್ ಫೇಸಿನಲ್ಲಿ ದೀಪ ಮಾತ್ರ ಉರಿಯಬೇಕು, ಮೋಟಾರು ಓಡಬಾರದು ಎಂಬುದು ಅಧಿಕಾರಿಗಳ ಎಣಿಕೆ. ಆದರೆ ಒಣಗುವ ಬೆಳೆಯನ್ನು ನೋಡುತ್ತ ಕುಳಿತಿರಲಾರದ ರೈತನು ಕೆಪಾಸಿಟರು ಜೋಡಿಸಿ ಅದರಲ್ಲಿಯೂ ಮೋಟಾರು ಎತ್ತಿಸಿದನು. ಆಗ ಊರಿನೊಳಗೆ ವೋಲ್ಟೇಜು ಕುಸಿದು, ಬಲ್ಬಿನ ತಂತು ಕೆಂಪಗೆ ಕಾಣುವುದೇ ಹೊರತು ಬೆಳಗುವುದಿಲ್ಲ. ಟ್ಯೂಬ್‌ಲೈಟು ಮಿಣುಕಿ ಮಿಣುಕಿ ಸೋತುಬಿಡುತ್ತದೆ. ಪರೀಕ್ಷೆ ಬರುವುದು ಬೇಸಗೆಯಲ್ಲಿ. ಪಂಪುಗಳು ಅತಿಯಾಗಿ ಓಡುವುದೂ ಬೇಸಗೆಯಲ್ಲಿ. ಕೊನೆಗೊಂದು ದಿನ ಟಿಸಿ ಸುಡುತ್ತದೆ. ಸುಟ್ಟ ಟ್ರಾನ್ಸ್‌ಫಾರ್ಮರನ್ನು ಇಳಿಸಿ, ಊರವರೇ ವಂತಿಗೆ ಎತ್ತಿ, ಟ್ರ್ಯಾಕ್ಟರಿನಲ್ಲಿ ಹೇರಿಕೊಂಡು ತಾಲ್ಲೂಕಿಗೆ ಹೋಗಿ, ಬದಲಿ ಬರುವವರೆಗೆ ಕಾಯುವ ದಿನಗಳಲ್ಲಿ ಊರಿಗೆ ಊರೇ ಹಿಂದಿನ ಚಿಮಣಿ ದೀಪಕ್ಕೆ ಮರಳುತ್ತಿತ್ತು. ಭಾಗ್ಯಜ್ಯೋತಿಯ ಮನೆ ಒಂದು ಯೂನಿಟ್ಟನ್ನೂ ಹೆಚ್ಚಿಗೆ ಬಳಸಿರಲಿಲ್ಲ. ಶಿಕ್ಷೆ ಮಾತ್ರ ಅದಕ್ಕೂ ಸಮಪಾಲು.

ಕುಡಿಯುವ ನೀರಿನ ವಿಚಾರ ಇನ್ನೂ ಕಠಿನ. 1980, 90ರ ದಶಕಗಳಲ್ಲಿ ಹಳ್ಳಿಹಳ್ಳಿಯಲ್ಲಿ ಕೊಳವೆಬಾವಿ ಕೊರೆದು ತೊಟ್ಟಿ ಕಟ್ಟಿದ ಮೇಲೆ, ನೀರು ಬರುವುದು ತ್ರೀ ಫೇಸ್ ಬಂದಾಗ ಮಾತ್ರ. ಅದು ನಟ್ಟಿರುಳಿಗೆ ಬಂದರೆ ಹೆಂಗಸರು ನಟ್ಟಿರುಳಿಗೆ ಏಳಬೇಕು. ‘ಕರೆಂಟ್ ಬಂತು, ಏಳೇ’ ಎಂದು ಓಣಿಯ ಒಂದು ತುದಿಯಿಂದ ಕೂಗು ಹೊರಟರೆ ಇನ್ನೊಂದು ತುದಿಯವರೆಗೂ ಬಾಗಿಲುಗಳು ತೆರೆದು, ಬಿಂದಿಗೆಗಳ ಸಾಲು ನಲ್ಲಿಯ ಮುಂದೆ ಕೂಡುತ್ತಿತ್ತು. ಹೊಲದ ಸರದಿಗೆ ಹೋದ ಗಂಡಸು ಅದೇ ಕತ್ತಲಲ್ಲಿ, ಹಾವು ಚೇಳುಗಳ ನಡುವೆ, ಸ್ಟಾರ್ಟರಿನ ಗುಂಡಿ ಒತ್ತಲು ಹೋಗಿರುತ್ತಿದ್ದನು. ವಿದ್ಯುತ್ತಿನ ಬೆಲೆ ಶೂನ್ಯವಾಗಿದ್ದಾಗ ಅದರ ಮೌಲ್ಯವನ್ನು ಈ ಸಂಸಾರ ನಿದ್ದೆಯ ರೂಪದಲ್ಲಿ, ದೇಹಶ್ರಮದ ರೂಪದಲ್ಲಿ, ಕೆಲವೊಮ್ಮೆ ಪ್ರಾಣದ ರೂಪದಲ್ಲಿಯೇ ತೆತ್ತಿತು. ಗೃಹಕ್ಷೇಮವನ್ನು ಬಿಲ್ಲಿನ ಮೊತ್ತದಿಂದಲೇ ಅಳೆಯುವವರು ಈ ತೆರಿಗೆಯನ್ನು ಎಲ್ಲಿ ಬರೆದುಕೊಳ್ಳುತ್ತಾರೆಂದು ನಾನು ಕೇಳಬಯಸುತ್ತೇನೆ.

ಸುಧಾರಣೆಯ ಮಾತು ಬಂದದ್ದು ಶತಮಾನದ ಕೊನೆಗೆ. ಒರಿಸ್ಸಾ ಮೊದಲು, ಆಂಧ್ರಪ್ರದೇಶ ಬಳಿಕ, ಪ್ರಪಂಚ ಬ್ಯಾಂಕಿನ ಪ್ರೇರಣೆಯಿಂದ ವಿದ್ಯುತ್ ಮಂಡಳಿಗಳನ್ನು ಒಡೆದವು. ಕರ್ನಾಟಕದ ವಿದ್ಯುಚ್ಛಕ್ತಿ ಸುಧಾರಣಾ ಅಧಿನಿಯಮ 1999ರದು. ಆ ವರ್ಷದ ಆಗಸ್ಟಿನಲ್ಲಿ ಮಂಡಳಿ ಹೋಗಿ ಪ್ರಸರಣ ನಿಗಮ ಬಂದಿತು. ದರ ನಿರ್ಣಯದ ಅಧಿಕಾರ ಸರ್ಕಾರದಿಂದ ಕಳಚಿ ವಿದ್ಯುಚ್ಛಕ್ತಿ ನಿಯಂತ್ರಣ ಆಯೋಗಕ್ಕೆ ಸಂದಿತು. 2002ರ ಜೂನಿನಲ್ಲಿ ವಿತರಣೆ ಬೆಂಗಳೂರು, ಮಂಗಳೂರು, ಹುಬ್ಬಳ್ಳಿ, ಗುಲ್ಬರ್ಗಗಳ ಕಂಪನಿಗಳಾಗಿ ಹಂಚಿಹೋಯಿತು. ಮೈಸೂರಿನದು ಆಮೇಲೆ ಬೇರೆಯಾಯಿತು. ಆಯೋಗ ಮಾಡಿದ ಮೊದಲ ದೊಡ್ಡ ಉಪಕಾರವೆಂದರೆ ಲೆಕ್ಕ ಕೇಳಿದ್ದು. ಮೀಟರಿಲ್ಲದ ಪಂಪುಗಳ ಹೆಸರಿನಲ್ಲಿ ಬರೆದಿಟ್ಟ ವಿದ್ಯುತ್ತಿನಲ್ಲಿ ಎಷ್ಟು ಪಾಲು ನಿಜವಾಗಿ ಹೊಲಕ್ಕೆ ಹೋಗಿತ್ತು, ಎಷ್ಟು ಪಾಲು ಕಳವು, ಎಷ್ಟು ಪಾಲು ಹಳೆಯ ತಂತಿಗಳಲ್ಲಿ ಕರಗಿತ್ತು ಎಂಬ ಪ್ರಶ್ನೆಗೆ ಉತ್ತರ ಹುಡುಕುತ್ತ ಹೋದಂತೆ, ಮಂಡಳಿ ಇಷ್ಟುಕಾಲ ತೋರಿಸಿದ್ದಕ್ಕಿಂತ ನಷ್ಟವು ಬಹಳ ಹೆಚ್ಚೆಂದು ಬಯಲಾಯಿತು. ರೈತನ ತಲೆಯ ಮೇಲೆ ಹೊರಿಸಿದ್ದ ಹೊರೆಯಲ್ಲಿ ಒಂದು ಭಾಗ ಅವನದಾಗಿರಲೇ ಇಲ್ಲ. ರೈತ ಸಂಘದವರು ವರ್ಷಗಳಿಂದ ಹೇಳುತ್ತಿದ್ದ ಮಾತನ್ನೇ ಆಯೋಗದ ಕಡತಗಳು ಹೇಳಿದವು.

ಆದರೂ ರೈತರು ಮೀಟರನ್ನು ಒಪ್ಪಲಿಲ್ಲ. ಇದನ್ನು ಹಠವೆಂದು ತಳ್ಳಿಹಾಕುವುದು ಸುಲಭ. ನೆರೆಯ ಹೈದರಾಬಾದಿನ ಬಷೀರ್‌ಬಾಗಿನಲ್ಲಿ 2000ದ ಆಗಸ್ಟ್ 28ರಂದು ವಿದ್ಯುತ್ ದರ ಏರಿಕೆಯ ವಿರುದ್ಧ ಮೆರವಣಿಗೆ ಬಂದವರ ಮೇಲೆ ಪೊಲೀಸರು ಗುಂಡು ಹಾರಿಸಿ ಜನ ಸತ್ತ ಸುದ್ದಿ ಇಲ್ಲಿಯ ಹಳ್ಳಿಗಳಿಗೂ ಮುಟ್ಟಿತ್ತು; ಕರ್ನಾಟಕದ ಆಯೋಗ ತನ್ನ ಮೊದಲ ದರಪಟ್ಟಿಯನ್ನು ಹೊರಡಿಸಿದ್ದು ಅದೇ ವರ್ಷದ ಡಿಸೆಂಬರಿನಲ್ಲಿ. ಮುಂದಿನ ಮೂರು ವರ್ಷ ಎಡೆಬಿಡದ ಬರ. ಮೀಟರು ಬಂದ ಮೇಲೆ ಬೆಲೆ ಬರುತ್ತದೆ, ಬೆಲೆ ಬಂದ ಮೇಲೆ ಕೊಡಲಾಗದವನ ಸಂಪರ್ಕ ಹೋಗುತ್ತದೆ ಎಂದು ಅವರು ತಿಳಿದರು. ಒಂದು ಯೂನಿಟ್ಟಿನ ದರವನ್ನು ಹೇಳುವವರು ದಿನಕ್ಕೆ ಎಷ್ಟು ಗಂಟೆ ಒಳ್ಳೆಯ ವಿದ್ಯುತ್ತು ಕೊಡುತ್ತೇವೆಂಬುದನ್ನು ಹೇಳದಿದ್ದಾಗ, ಆ ತಿಳಿವಳಿಕೆ ತಪ್ಪೆಂದು ಹೇಗೆ ಹೇಳುವುದು? ಸುಧಾರಕರು ಮೊದಲು ಕೊಡಬೇಕಾಗಿದ್ದುದನ್ನು ಕೊನೆಗೆ ಇಟ್ಟುಕೊಂಡರೆಂಬುದೇ ಆ ಕಾಲದ ಮುಖ್ಯವಾದ ಲೋಪವೆಂದು ನನ್ನ ದೃಢವಾದ ಅಭಿಪ್ರಾಯ.

2003ರ ಕೇಂದ್ರದ ವಿದ್ಯುಚ್ಛಕ್ತಿ ಅಧಿನಿಯಮವು ಎರಡು ವರ್ಷಗಳೊಳಗೆ ಮೀಟರಿಲ್ಲದ ಪೂರೈಕೆ ನಿಲ್ಲಬೇಕೆಂದಿತು. ಯಾವ ಸರ್ಕಾರವಾದರೂ ರಿಯಾಯಿತಿ ಕೊಡಬೇಕಾದರೆ ಅದರ ಹಣವನ್ನು ಕಂಪನಿಗೆ ಮುಂಗಡವಾಗಿ ತೆರಬೇಕೆಂದೂ ವಿಧಿಸಿತು. ಮೊದಲನೆಯದು ಹೊಲದ ಬಾಗಿಲಲ್ಲಿ ನಿಂತುಹೋಯಿತು. ಎರಡನೆಯದು ಹಣಕಾಸು ಇಲಾಖೆಯ ಬಾಗಿಲಲ್ಲಿ ಮೇಲಿಂದಮೇಲೆ ತಡವಾಯಿತು. ಆದರೆ ಮನೆಗಳ ಮಟ್ಟಿಗೆ ಒಂದು ಸಣ್ಣ ಏರ್ಪಾಟು ಸದ್ದಿಲ್ಲದೆ ಒಳ್ಳೆಯ ಕೆಲಸ ಮಾಡಿತು. ಗ್ರಾಮ ವಿದ್ಯುತ್ ಪ್ರತಿನಿಧಿಯೆಂಬ ಹೆಸರಿನಲ್ಲಿ ಆಯಾ ಊರಿನ ಹುಡುಗನನ್ನೇ ನೇಮಿಸಿ, ಮೀಟರು ಓದುವ, ಬಿಲ್ಲು ಕೊಡುವ, ಹಣ ಕಟ್ಟಿಸಿಕೊಳ್ಳುವ ಕೆಲಸವನ್ನು ಅವನಿಗೆ ಒಪ್ಪಿಸಿದರು. ಹಿಂದೆ ಲೈನ್‌ಮನ್ನನ ಮುಖವನ್ನು ತಂತಿ ಹರಿದಾಗ ಮಾತ್ರ ಕಾಣುತ್ತಿದ್ದ ಮನೆಗೆ ಈಗ ತಿಂಗಳು ತಿಂಗಳು ಪರಿಚಯದವನೊಬ್ಬ ಬಂದು, ‘ಅಕ್ಕಾ, ಈ ಸಲ ಇಷ್ಟಾಗಿದೆ’ ಎಂದು ಹೇಳುವಂತಾಯಿತು. ಅವನಿಗೆ ದೊರೆತ ಸಂಬಳ ಅತ್ಯಲ್ಪ. ನೌಕರಿಯ ಭದ್ರತೆ ಇರಲಿಲ್ಲ. ಆದರೂ ಬಡಮನೆಗೂ ಕಂಪನಿಗೂ ನಡುವೆ ನಂಬಿಕೆಯ ವ್ಯವಹಾರ ಎಲ್ಲಿಯಾದರೂ ಆರಂಭವಾಗಿದ್ದರೆ ಅದು ಅವನ ಕೈಯ ಬಿಲ್ಲಿನ ಯಂತ್ರದಿಂದ.

ಬಿಲ್ಲು ತಪ್ಪದೆ ಬಾರದಿದ್ದರೆ ಏನಾಗುತ್ತದೆಂಬುದಕ್ಕೆ ಭಾಗ್ಯಜ್ಯೋತಿಯೇ ನಿದರ್ಶನ. ಒಂದು ಬಲ್ಬಿನ ಮನೆಗೆ ಕಾಲಕ್ರಮದಲ್ಲಿ ಟೀವಿ ಬಂದಿತು, ಫ್ಯಾನು ಬಂದಿತು, ಮಿಕ್ಸರು ಬಂದಿತು. ಮಿತಿ ಮೀರಿದ ಯೂನಿಟ್ಟುಗಳಿಗೆ ಪೂರ್ಣ ದರ ಬೀಳುತ್ತ, ಅದು ಮನೆಯವರಿಗೆ ತಿಳಿಯದೆ ಬಾಕಿಯಾಗಿ, ಬಾಕಿಗೆ ಬಡ್ಡಿ ಸೇರಿ ಬೆಳೆಯಿತು. 2023ರ ಜೂನಿನಲ್ಲಿ ಕೊಪ್ಪಳದ ಕಡೆಯ ಒಬ್ಬ ವೃದ್ಧೆಗೆ ಲಕ್ಷ ರೂಪಾಯಿಗೂ ಮಿಕ್ಕಿದ ಬಿಲ್ಲು ಬಂದು, ಅದು ಪತ್ರಿಕೆಗಳಲ್ಲಿ ಪ್ರಕಟವಾಗಿ, ಮೀಟರಿನ ದೋಷವೆಂದು ತಿಳಿದ ಮೇಲೆ ಆಕೆ ಅದನ್ನು ಕಟ್ಟಬೇಕಾಗಿಲ್ಲವೆಂದು ಮಂತ್ರಿಗಳೇ ಹೇಳಬೇಕಾಯಿತು. ದಾನವಾಗಿ ಕೊಟ್ಟ ದೀಪ ಹೀಗೆ ಒಂದು ಮನೆಯ ಮೇಲೆ ಋಣವಾಗಿ ತಿರುಗಿ ನಿಲ್ಲುವುದು ನನಗೆ ಅತ್ಯಂತ ವ್ಯಥೆಯನ್ನುಂಟುಮಾಡುವ ಸಂಗತಿ.

ಹಳ್ಳಿಯ ಮನೆಯ ಕ್ಷೇಮವನ್ನು ಯಾವುದೊಂದು ಕ್ರಮ ನಿಜವಾಗಿ ಬದಲಿಸಿತೆಂದು ಕೇಳಿದರೆ, ನಾನು ಯಾವ ದರಪಟ್ಟಿಯನ್ನೂ ಹೇಳುವುದಿಲ್ಲ. ‘ನಿರಂತರ ಜ್ಯೋತಿ’ಯನ್ನು ಹೇಳುತ್ತೇನೆ. 2008ರ ಅನಂತರದ ವರ್ಷಗಳಲ್ಲಿ ಕೈಗೊಂಡ ಆ ಯೋಜನೆಯ ಕೆಲಸ ಮೇಲುನೋಟಕ್ಕೆ ಬರಿಯ ಕಂಬ ತಂತಿಗಳದು: ಊರಿನ ಮನೆ, ಶಾಲೆ, ಹಿಟ್ಟಿನ ಗಿರಣಿ, ಕುಡಿಯುವ ನೀರಿನ ಪಂಪು ಇವುಗಳಿಗೆ ಒಂದು ಫೀಡರು, ಹೊಲದ ಪಂಪುಗಳಿಗೆ ಇನ್ನೊಂದು. ಊರಿನ ಫೀಡರಿನಲ್ಲಿ ಇಪ್ಪತ್ತನಾಲ್ಕು ಗಂಟೆ ವಿದ್ಯುತ್ತು, ಹೊಲದ್ದಕ್ಕೆ ಗೊತ್ತಾದ ಗಂಟೆಗಳು. ಎಲ್ಲ ಕಡೆಯೂ ಒಂದೇ ವೇಗದಲ್ಲಿ ಆಗಲಿಲ್ಲ. ತೋಟದ ಮನೆಗಳು, ಊರಿನಿಂದ ದೂರವಿದ್ದ ಹಟ್ಟಿಗಳು ಹೊರಗುಳಿದವು. ಆದರೆ ಆದ ಕಡೆ ಬಲ್ಬಿನ ಬೆಳಕು ಬಿಳುಪಾಯಿತು. ನೀರಿನ ಸರದಿ ನಡುರಾತ್ರಿಯಿಂದ ಬೆಳಗಿಗೆ ಬಂದಿತು. ಜೋಳ ರಾಗಿಗಳನ್ನು ಬುಟ್ಟಿಯಲ್ಲಿ ಹೊತ್ತು ಗಿರಣಿಗೆ ಹೋದವಳು ಕರೆಂಟಿಲ್ಲವೆಂದು ಹಿಂದಿರುಗುವುದು ತಪ್ಪಿತು. ಹೊಲಿಗೆಯ ಯಂತ್ರಕ್ಕೆ ಮೋಟಾರು ಕೂಡಿಸಿಕೊಂಡವಳು ರವಿಕೆಯನ್ನು ಯಾವ ದಿನ ಕೊಡುತ್ತೇನೆಂದು ಧೈರ್ಯವಾಗಿ ಹೇಳುವಂತಾದಳು. ಬಡವನ ಬಿಲ್ಲು ಇದರಿಂದ ಕಡಿಮೆಯಾಗಲಿಲ್ಲ, ಪ್ರಾಯಃ ಹೆಚ್ಚಿತು, ಕ್ಷೇಮವೂ ಹೆಚ್ಚಿತು. ಪಂಪಿನ ಉಚಿತ ವಿದ್ಯುತ್ತನ್ನು ಯಾರಿಂದಲೂ ಕಸಿಯದೆ, ಅದರ ಪರಿಣಾಮದಿಂದ ಮನೆಯನ್ನು ಬಿಡಿಸಿದ ಈ ಉಪಾಯವು ಸುಧಾರಣೆಯ ಗ್ರಂಥಗಳಲ್ಲಿ ಇಷ್ಟು ಅಲ್ಪಸ್ಥಾನವನ್ನು ಪಡೆದಿರುವುದು ಆಶ್ಚರ್ಯ.

ಇದಾದ ಮೇಲೆ ಮನೆಯ ಸರದಿ ಇನ್ನೊಮ್ಮೆ ಬಂದಿತು. 2023ರ ಚುನಾವಣೆಯಲ್ಲಿ ಕೊಟ್ಟ ಭರವಸೆಯಂತೆ ಸಿದ್ದರಾಮಯ್ಯನವರ ಸರ್ಕಾರ ಜುಲೈ 1ರಿಂದ ‘ಗೃಹಜ್ಯೋತಿ’ಯನ್ನು ಜಾರಿಗೆ ತಂದು, ಆಗಸ್ಟ್ 5ರಂದು ಕಲಬುರ್ಗಿಯಲ್ಲಿ ಅದಕ್ಕೆ ವಿಧ್ಯುಕ್ತವಾಗಿ ಚಾಲನೆ ನೀಡಿತು. ಬೆಂಗಳೂರಿನ ಬೀದಿದೀಪ ಹತ್ತಿದ್ದೂ ಆಗಸ್ಟ್ 5ರಂದೇ. ನಡುವೆ ಕಳೆದದ್ದು 118 ವರ್ಷ. ಈ ಸಲ ಸಮಾರಂಭ ನಡೆದದ್ದು ರಾಜಧಾನಿಯಲ್ಲಲ್ಲದೆ ಹಿಂದುಳಿದ ಕಲ್ಯಾಣ ಕರ್ನಾಟಕದಲ್ಲಿ. ತಿಂಗಳಿಗೆ 200 ಯೂನಿಟ್ಟಿನ ಒಳಗೆ ಬಳಸುವ ಮನೆಗೆ, 2022–23ರ ಅದರ ಸರಾಸರಿ ಬಳಕೆಗೆ ನೂರಕ್ಕೆ ಹತ್ತು ಸೇರಿಸಿದಷ್ಟು ವಿದ್ಯುತ್ತು ಉಚಿತ. ಬಾಡಿಗೆದಾರನಿಗೂ ಈ ಹಕ್ಕುಂಟು. ಮಿತಿಗಿಂತ ಹೆಚ್ಚಾದ ಯೂನಿಟ್ಟಿಗೆ ಹಣ. 200 ಮೀರಿದರೆ ಪೂರ್ತಿ ಬಿಲ್ಲು. ಒಂದೂವರೆ ಕೋಟಿಗೂ ಹೆಚ್ಚಿನ ಮನೆಗಳು ಇದರೊಳಗೆ ಬಂದವು. ಬೊಕ್ಕಸಕ್ಕೆ ವರ್ಷಕ್ಕೆ ಹತ್ತಿರಹತ್ತಿರ 10,000 ಕೋಟಿ ರೂಪಾಯಿಗಳ ಹೊರೆ.

ಪಂಪಿನ ರಿಯಾಯಿತಿಗೂ ಇದಕ್ಕೂ ಒಂದು ಮೂಲಭೂತವಾದ ಭೇದವಿದೆ. ಪರ ವಿರೋಧಗಳ ಗದ್ದಲದಲ್ಲಿ ಅದು ಕೇಳದೆಹೋಯಿತು. ಇಲ್ಲಿ ಮೀಟರು ಇದೆ. ಶೂನ್ಯ ಬಿಲ್ಲು ಬಂದ ಮನೆಗೂ ತಾನೆಷ್ಟು ಬಳಸಿದೆನೆಂಬ ಅಂಕಿ ಕೈಗೆ ಬರುತ್ತದೆ. ಸರ್ಕಾರ ಎಷ್ಟು ತೆರಬೇಕೆಂಬುದೂ ಅದೇ ಚೀಟಿಯಲ್ಲಿ ತಿಳಿಯುತ್ತದೆ. ಮೇಲ್ಮಿತಿ ಇರುವುದರಿಂದ ಮಿತವ್ಯಯಕ್ಕೆ ಕಾರಣವೂ ಉಳಿದಿದೆ. ಬೆಂಗಳೂರಿನ ವಠಾರದಲ್ಲಿ ಬಾಡಿಗೆಯಿರುವ ಗಾರ್ಮೆಂಟ್ ಕೆಲಸದವಳಿಗೆ ತಿಂಗಳಿಗೆ ಐನೂರು ಆರುನೂರು ರೂಪಾಯಿ ಉಳಿಯುವುದು ಸಣ್ಣ ಮಾತಲ್ಲ. ಅದು ಮಗುವಿನ ಹಾಲಿನ ಲೆಕ್ಕಕ್ಕೋ ಚೀಟಿಯ ಕಂತಿಗೋ ಸಲ್ಲುತ್ತದೆ. ಆದರೆ ಅದೇ ವರ್ಷದ ಮೇ ತಿಂಗಳಲ್ಲಿ ಆಯೋಗ ಸರಾಸರಿ ಯೂನಿಟ್ಟಿಗೆ 70 ಪೈಸೆ ದರ ಏರಿಸಿತ್ತು. ಏಪ್ರಿಲಿನಿಂದಲೇ ಅನ್ವಯವಾದ ಆ ಏರಿಕೆಯ ಬಾಕಿ ಜೂನಿನ ಬಿಲ್ಲುಗಳಲ್ಲಿ ಒಟ್ಟಾಗಿ ಬಂದು ಬಿದ್ದಾಗ ಸಣ್ಣ ಕೈಗಾರಿಕೆಯವರು ಬೀದಿಗಿಳಿದರು. ಅಂತಹ ಸಣ್ಣ ಕಾರ್ಖಾನೆಯಲ್ಲಿ ದುಡಿಯುವವನ ಮನೆಯೂ ಗೃಹಜ್ಯೋತಿಯ ಮನೆಯೇ. ಒಂದು ಕೈಯಿಂದ ಬಂದುದು ಇನ್ನೊಂದು ಕೈಯಿಂದ ಎಷ್ಟು ಹೋಯಿತೆಂಬುದನ್ನು ಆ ಮನೆಯ ಒಡತಿಯೇ ಬಲ್ಲಳು.

ಸರಾಸರಿಯ ಲೆಕ್ಕದೊಳಗೆ ಇನ್ನೊಂದು ಅನ್ಯಾಯ ಹುದುಗಿತ್ತು. ಮೊದಲು 180 ಯೂನಿಟ್ಟು ಬಳಸುತ್ತಿದ್ದ ಮನೆಗೆ ನೂರಕ್ಕೆ ಹತ್ತೆಂದರೆ 18 ಯೂನಿಟ್ಟು ಹೆಚ್ಚಿಗೆ. 20 ಯೂನಿಟ್ಟಿನಲ್ಲಿ ಕಾಲಹಾಕಿದ ಮನೆಗೆ ಎರಡೇ. ಎಷ್ಟು ಬಡತನವಿತ್ತೋ ಅಷ್ಟನ್ನೇ ಪ್ರಮಾಣವಾಗಿಟ್ಟುಕೊಂಡು ರಿಯಾಯಿತಿ ಕೊಟ್ಟಂತಾಗಿ, ಭಾಗ್ಯಜ್ಯೋತಿಯ ಕಾಲದ ಒಂದು ಬಲ್ಬಿನ ಮಿತಿ ಹೊಸ ಹೆಸರಿನಲ್ಲಿ ಮುಂದುವರಿಯಿತು. ಸರ್ಕಾರ ಇದನ್ನು ಕಂಡುಕೊಂಡಿತೆಂಬುದು ಸಮಾಧಾನದ ವಿಷಯ: 2024ರ ಜನವರಿಯಲ್ಲಿ ಮಂತ್ರಿಮಂಡಲವು 48 ಯೂನಿಟ್ಟಿಗಿಂತ ಕಡಿಮೆ ಬಳಕೆಯ ಮನೆಗಳಿಗೆ ನೂರಕ್ಕೆ ಹತ್ತರ ಬದಲು ನೇರವಾಗಿ ಹತ್ತು ಯೂನಿಟ್ಟು ಸೇರಿಸಿ ಕೊಡಲು ನಿರ್ಧರಿಸಿತು. ಸಾಮಾನ್ಯವಾದ ಒಂದು ಫ್ಯಾನು ದಿನಕ್ಕೆ ನಾಲ್ಕು ಗಂಟೆಗೆ ತುಸು ಮಿಕ್ಕಿ ತಿರುಗಲು ಹತ್ತು ಯೂನಿಟ್ಟು ಸಾಕು. ರಾಯಚೂರು ಕಲಬುರ್ಗಿಗಳ ವೈಶಾಖದ ರಾತ್ರಿ ನಾಲ್ಕು ಗಂಟೆಯದಲ್ಲ. ಆದಕಾರಣ ಮನೆಯ ಹಳೆಯ ಬಳಕೆಯನ್ನು ಬಿಟ್ಟು ಆ ಸೀಮೆಯ ಸೆಕೆಯನ್ನೂ ಆ ಮನೆಯ ಮಂದಿಯನ್ನೂ ನೋಡಿ ಮಿತಿಯನ್ನು ಗೊತ್ತುಮಾಡಬೇಕೆಂದು, ಆ ಹಣವನ್ನು 200ರ ಅಂಚಿನಲ್ಲಿರುವ ಅನುಕೂಲಸ್ಥರ ಪಾಲಿನಿಂದ ತೆಗೆಯಬೇಕೆಂದು ಕೇಳುವುದು ಈಗ ಸಾಧ್ಯವಾಗಿದೆ. ಏಕೆಂದರೆ ಯಾವ ಮನೆ ಎಷ್ಟು ಬಳಸಿತೆಂಬ ಅಂಕಿ ಈ ಸಲ ಕಡತದಲ್ಲಿದೆ.